ಸಮಾನ ಅವಕಾಶ ಕೋಶದಲ್ಲಿ ಹದಿನಾರು ತಿಂಗಳು

2023ರ ಜುಲೈನಲ್ಲಿ ವಿಭಾಗದ ಅಟೆಂಡರ್ ನನ್ನ ಮೇಜಿನ ಮೇಲಿಟ್ಟು ಹೋದ ಕಚೇರಿ ಆದೇಶದಲ್ಲಿ ಎರಡೇ ವಾಕ್ಯಗಳಿದ್ದವು. ನನ್ನನ್ನು ವಿಶ್ವವಿದ್ಯಾಲಯದ ಸಮಾನ ಅವಕಾಶ ಕೋಶದ ಸಂಯೋಜಕಿಯನ್ನಾಗಿ ಮುಂದಿನ ಆದೇಶದವರೆಗೆ ನೇಮಿಸಲಾಗಿದೆ ಎಂಬುದು ಮೊದಲನೆಯದು. ಈ ಹೆಚ್ಚುವರಿ ಹೊಣೆಗೆ ಪ್ರತ್ಯೇಕ ಭತ್ಯೆ ಇರುವುದಿಲ್ಲ ಎಂಬುದು ಎರಡನೆಯದು. ಅಂಗವೈಕಲ್ಯವುಳ್ಳವರಿಗೆ ಬೇಕಾದ ನೆರವನ್ನೂ ತಾರತಮ್ಯದ ದೂರುಗಳನ್ನೂ ನೋಡಿಕೊಳ್ಳುವುದು ಈ ಕೋಶದ ಕೆಲಸ. ನಾನು ಕಲಿಸುವುದು ಅರ್ಥಶಾಸ್ತ್ರ. ಕಾನೂನು ಓದಿದವಳಲ್ಲ, ಕಡತ ನಡೆಸಿದ ಅನುಭವವೂ ನನಗಿರಲಿಲ್ಲ. 2024ರ ನವೆಂಬರಿನಲ್ಲಿ ಆ ಹೊಣೆಯನ್ನು ಮತ್ತೊಬ್ಬರಿಗೆ ವಹಿಸಿಕೊಟ್ಟು ಹಗುರಾಗಿದ್ದೇನೆ. ಇಂಥದೇ ಆದೇಶ ಕೈಗೆ ಬಂದು ಏನು ಮಾಡಬೇಕೆಂದು ತೋಚದೆ ಕುಳಿತಿರುವ ಅಧ್ಯಾಪಕರಿಗೂ, ಇಂಥ ಕೋಶದಿಂದ ಏನನ್ನು ಕೇಳಬಹುದೆಂದು ತಿಳಿಯದ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾನು ಕೋಶವನ್ನು ಹೊಸದಾಗಿ ಕಟ್ಟಬೇಕಿರಲಿಲ್ಲ, ಅದು ಕಾಗದದ ಮೇಲೆ ಅನೇಕ ವರ್ಷಗಳಿಂದ ಇತ್ತು. ಆಡಳಿತ ಕಟ್ಟಡದ ಮೊದಲ ಮಹಡಿಯ ಓಣಿಯಲ್ಲಿ ಅದರ ಹೆಸರಿನ ಫಲಕವೂ ಇತ್ತು, ಆದರೆ ಫಲಕದ ಹಿಂದೆ ಕೊಠಡಿ ಇರಲಿಲ್ಲ. ಒಂದು ಕಬ್ಬಿಣದ ಬೀರು, ಅದರೊಳಗೆ ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ತೋರಿಸಿದ ವಿಚಾರಸಂಕಿರಣಗಳ ಫೋಟೋಗಳು ಮತ್ತು ದೂರುಗಳನ್ನು ದಾಖಲಿಸುವ ಒಂದು ವಹಿ ನನಗೆ ಸಿಕ್ಕವು. ವಹಿಯ ಪುಟಗಳಿಗೆ ಅಂಕಿ ಹಾಕಿ, ಪ್ರತಿ ಪುಟಕ್ಕೂ ಮೊಹರು ಒತ್ತಲಾಗಿತ್ತು, ಒಂದು ದೂರೂ ಇರಲಿಲ್ಲ. ಹಿಂದಿನ ಸಂಯೋಜಕರು ಕೀಲಿ ಕೊಡುತ್ತಾ, “ನಮ್ಮಲ್ಲಿ ಅಂಥ ಸಮಸ್ಯೆ ಇಲ್ಲ ಮೇಡಂ” ಎಂದರು. ಅವರು ಸುಳ್ಳು ಹೇಳಲಿಲ್ಲ. ಮಹಡಿ ಹತ್ತಿ ಬಂದು, ಕೊಠಡಿ ಹುಡುಕಿ, ಬೀರುವಿನ ಮುಂದೆ ನಿಂತು ದೂರು ಕೊಡುವವರು ಯಾರೂ ಇರಲಿಲ್ಲ, ಅಷ್ಟೇ.

ಮೊದಲ ತಿಂಗಳು ಓದಿನಲ್ಲೇ ಕಳೆಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಮಾನತೆಯನ್ನು ಉತ್ತೇಜಿಸಲು 2012ರಲ್ಲಿ ಹೊರಡಿಸಿದ ನಿಯಮಾವಳಿ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, ಲಿಖಿತ ಪರೀಕ್ಷೆಗಳ ಬಗ್ಗೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2018ರ ಆಗಸ್ಟ್ 29ರಂದು ಹೊರಡಿಸಿದ ಮಾರ್ಗಸೂಚಿ, ಇವು ಮೂರು ನನಗೆ ಕೊನೆಯವರೆಗೂ ಆಸರೆಯಾದವು. ಮೊದಲನೆಯದು ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶವೂ ತಾರತಮ್ಯ ವಿರೋಧಿ ಅಧಿಕಾರಿಯೂ ಇರಬೇಕೆನ್ನುತ್ತದೆ, ದೂರನ್ನು 60 ದಿನಗಳೊಳಗೆ ಇತ್ಯರ್ಥಪಡಿಸಬೇಕೆನ್ನುತ್ತದೆ. ಎರಡನೆಯದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟುಗಳನ್ನೂ ವಯೋಮಿತಿಯಲ್ಲಿ ಐದು ವರ್ಷಗಳ ಸಡಿಲಿಕೆಯನ್ನೂ ಅದರ 32ನೇ ಪ್ರಕರಣ ಕೊಡುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಇವುಗಳ ಈಗ ಜಾರಿಯಲ್ಲಿರುವ ರೂಪವನ್ನು ಮುದ್ರಿಸಿಟ್ಟುಕೊಂಡು, ಬೇಕಾದ ಸಾಲುಗಳ ಕೆಳಗೆ ಗೆರೆ ಎಳೆದು, ಪ್ರತಿ ಕಡತಕ್ಕೂ ಅನುಬಂಧವಾಗಿ ಲಗತ್ತಿಸಿ. ಕಡತ ಸಿದ್ಧಪಡಿಸುವ ವಿಷಯ ನಿರ್ವಾಹಕರಿಂದ ಹಿಡಿದು ಕುಲಸಚಿವರವರೆಗೆ ಪ್ರತಿ ಮೇಜಿನಲ್ಲೂ ಮೊದಲು ಬರುವ ಪ್ರಶ್ನೆ “ಇದಕ್ಕೆ ಆದೇಶ ಎಲ್ಲಿದೆ?” ಎಂಬುದೇ. ಆದೇಶ ಕಡತದೊಳಗೇ ಇದ್ದರೆ ಕನಿಷ್ಠ ಎರಡು ವಾರ ಉಳಿಯುತ್ತದೆ.

ನಮ್ಮ ವಿಶ್ವವಿದ್ಯಾಲಯದಲ್ಲಿ ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳು ಎಷ್ಟು ಮಂದಿ ಎಂಬ ಸರಳ ಪ್ರಶ್ನೆಯೊಂದಿಗೆ ಕೆಲಸ ಶುರು ಮಾಡಿದೆ. ಪ್ರವೇಶಾತಿ ವಿಭಾಗ ಒಂದು ಸಂಖ್ಯೆ ಕೊಟ್ಟಿತು, ವಿದ್ಯಾರ್ಥಿವೇತನ ವಿಭಾಗ ಇನ್ನೊಂದು, ಪರೀಕ್ಷಾ ವಿಭಾಗ ಮತ್ತೊಂದು. ಮೂರು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಮೂರರಲ್ಲೂ ಇದ್ದ ಹೆಸರುಗಳು ಬೆರಳೆಣಿಕೆಯಷ್ಟು. ಮೀಸಲು ಸೀಟು ಪಡೆದವರನ್ನು ಒಬ್ಬರು ಎಣಿಸಿದ್ದರು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದವರನ್ನು ಇನ್ನೊಬ್ಬರು, ಪರೀಕ್ಷೆಯಲ್ಲಿ ತಮ್ಮ ಪರವಾಗಿ ಉತ್ತರ ಬರೆದುಕೊಡುವ ಬರಹಗಾರರನ್ನು ಕೇಳಿದವರನ್ನು ಮತ್ತೊಬ್ಬರು. ಸಾಮಾನ್ಯ ಅರ್ಹತೆಯಲ್ಲಿ ಸೀಟು ಪಡೆದು, ಯಾರಲ್ಲೂ ಏನನ್ನೂ ಕೇಳದೆ ಓದುತ್ತಿದ್ದವರು ಯಾರ ಲೆಕ್ಕದಲ್ಲೂ ಇರಲಿಲ್ಲ. ಅವರಲ್ಲೊಬ್ಬ, ಶ್ರವಣದೋಷವಿರುವ ಎಂ.ಕಾಂ. ವಿದ್ಯಾರ್ಥಿ, ಯಾಕೆ ಹೇಳಿಕೊಳ್ಳಲಿಲ್ಲವೆಂದು ಕೇಳಿದಾಗ ಹೀಗೆಂದ: “ಹೇಳಿದರೆ ಮುಂದಿನ ಬೆಂಚಿನಲ್ಲಿ ಕೂರಿಸುತ್ತಾರೆ ಮೇಡಂ. ಪಾಠ ಮಾತ್ರ ಬೋರ್ಡಿನ ಕಡೆ ತಿರುಗಿಕೊಂಡೇ ಮಾಡುತ್ತಾರೆ.” ಅವನು ತುಟಿಯ ಚಲನೆ ನೋಡಿ ಮಾತನ್ನು ಗ್ರಹಿಸುವವನು. ನಾನೂ ಇಪ್ಪತ್ತು ವರ್ಷ ಬೋರ್ಡಿನ ಕಡೆ ತಿರುಗಿಕೊಂಡೇ ಮಾತನಾಡಿದವಳೆಂಬುದು ಆಗ ನೆನಪಾಗಿ ನಾಚಿಕೆಯಾಯಿತು.

ಅಗತ್ಯವಿರುವವರು ಸ್ವಇಚ್ಛೆಯಿಂದ ಹೆಸರು ನೋಂದಾಯಿಸಬಹುದೆಂದು ಸುತ್ತೋಲೆ ಹೊರಡಿಸಿದೆ. ಮೂರು ವಾರ ಯಾರೂ ಬರಲಿಲ್ಲ. ನಾಲ್ಕನೆಯ ವಾರ ಬಂದವನು ದೃಷ್ಟಿದೋಷವಿರುವ ಎಂ.ಎ. ವಿದ್ಯಾರ್ಥಿ, ಅದೂ ವಿದ್ಯಾರ್ಥಿನಿಲಯದ ಗೆಳೆಯ ಹೇಳಿದ್ದರಿಂದ. “ನಿಮ್ಮ ಸುತ್ತೋಲೆ ನನ್ನ ಫೋನಿಗೂ ಬಂದಿತ್ತು ಮೇಡಂ, ಆದರೆ ಫೋನು ಅದನ್ನು ಓದಲಿಲ್ಲ” ಎಂದ. ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳುಹಿಸಿದ ಸುತ್ತೋಲೆ ಯಂತ್ರದ ಪಾಲಿಗೆ ಬರೀ ಚಿತ್ರ. ಹಾಗಾದರೆ ಬೆರಳಚ್ಚಿನ ಮೂಲ ಕಡತವನ್ನೇ ಕೊಡೋಣವೆಂದು ತರಿಸಿದರೆ, ಅವನ ಲ್ಯಾಪ್‌ಟಾಪಿನಲ್ಲಿದ್ದ ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ತಂತ್ರಾಂಶ ಇಂಗ್ಲಿಷಿನ ಬಿಡಿ ಅಕ್ಷರಗಳನ್ನೂ ಚಿಹ್ನೆಗಳನ್ನೂ ಗಡಗಡನೆ ಉದುರಿಸತೊಡಗಿತು. ನಮ್ಮ ಕಚೇರಿ ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ವಿಧಾನದಲ್ಲಿ ಬೆರಳಚ್ಚು ಮಾಡುತ್ತಿತ್ತು. ಆ ಬರಹ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಒಳಗೆ ಸಂಗ್ರಹವಾಗುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳಾಗಿ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯುನಿಕೋಡಿನಲ್ಲಿ ಬರೆದದ್ದನ್ನು ಮಾತ್ರ ಇಂಥ ತಂತ್ರಾಂಶ ಕನ್ನಡವೆಂದು ಗುರುತಿಸಿ ಓದಬಲ್ಲದು. ಅಂದರೆ ಕನ್ನಡದಲ್ಲೇ ಆಡಳಿತ ನಡೆಸುತ್ತೇವೆಂದು ಹೆಮ್ಮೆಪಡುವ ನಮ್ಮ ಕಚೇರಿಯ ಯಾವ ಕನ್ನಡ ಸುತ್ತೋಲೆಯನ್ನೂ ಅವನು ಎರಡು ವರ್ಷಗಳಿಂದ ಓದಿರಲಿಲ್ಲ.

ಇದನ್ನು ಸರಿಪಡಿಸಲು ಒಂದು ಪೈಸೆಯೂ ಖರ್ಚಾಗಲಿಲ್ಲವೆಂಬುದನ್ನು ಒತ್ತಿ ಹೇಳಬೇಕು. ನುಡಿಯ ಹೊಸ ಆವೃತ್ತಿಗಳಲ್ಲಿ ಯುನಿಕೋಡ್ ಇದ್ದೇ ಇದೆ, ಕೀಲಿಮಣೆಯ ವಿನ್ಯಾಸವೂ ಬದಲಾಗುವುದಿಲ್ಲ. ಕಲಿತ ಬೆರಳು ಮರೆಯಬೇಕಾದೀತೆಂದು ಹೆದರಿದ್ದ ಬೆರಳಚ್ಚುಗಾರ್ತಿಗೆ ಒಂದು ಮಧ್ಯಾಹ್ನ ಸಾಕಾಯಿತು. ಸಹಿ ಮಾಡಿದ ಸ್ಕ್ಯಾನ್ ಪ್ರತಿಯ ಜೊತೆಗೆ ಯುನಿಕೋಡ್ ಪಠ್ಯವನ್ನೂ ಕಳುಹಿಸುವ ಪದ್ಧತಿ ಅಕ್ಟೋಬರಿನಿಂದ ಶುರುವಾಯಿತು. ಅದೇ ಸುತ್ತೋಲೆಯನ್ನು ಮತ್ತೆ ಕಳುಹಿಸಿದಾಗ ಎರಡು ವಾರಗಳಲ್ಲಿ ಮೂವತ್ತೊಂದು ಮಂದಿ ಹೆಸರು ಬರೆಸಿದರು.

ಆ ದಿನಗಳಲ್ಲೇ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಸೂಚನಾ ಫಲಕದ್ದು. ಹಲವು ವಿಭಾಗಗಳು ವಿದ್ಯಾರ್ಥಿವೇತನದ ಪಟ್ಟಿಯನ್ನು ಹೆಸರು, ಜಾತಿ, ಪ್ರವರ್ಗ, ತಂದೆಯ ಆದಾಯದ ಸಮೇತ ಅಂಟಿಸುತ್ತಿದ್ದವು. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಕಂಪ್ಯೂಟರ್ ಕೊಟ್ಟ ಪಟ್ಟಿಯನ್ನು ಹಾಗೆಯೇ ಮುದ್ರಿಸುತ್ತಿದ್ದರು. ಆದರೆ ತರಗತಿಯ ಅರವತ್ತು ಮಂದಿಯಲ್ಲಿ ಯಾರು ಯಾವ ಜಾತಿಯವರೆಂದು ತಿಳಿಯಲು ಯಾರನ್ನೂ ಕೇಳಬೇಕಿರಲಿಲ್ಲ, ಫಲಕದ ಮುಂದೆ ಒಂದು ನಿಮಿಷ ನಿಂತರೆ ಸಾಕಿತ್ತು. ನೋಂದಣಿ ಸಂಖ್ಯೆಯನ್ನಷ್ಟೇ ಹಾಕಬೇಕೆಂದು ಕುಲಸಚಿವರಿಂದ ಪತ್ರ ಹೊರಡಿಸಲು ಹತ್ತು ದಿನ ಹಿಡಿಯಿತು, ಅದು ಎಲ್ಲ ವಿಭಾಗಗಳಲ್ಲೂ ಜಾರಿಗೆ ಬರಲು ಒಂದು ವರ್ಷ. ಒಂದು ವಿಭಾಗದಲ್ಲಿ ಹಳೆಯ ಪಟ್ಟಿಯನ್ನು ನಾನೇ ಕಿತ್ತುಹಾಕಿದೆ. ಅದು ನನ್ನ ಅಧಿಕಾರದಲ್ಲಿತ್ತೋ ಇಲ್ಲವೋ, ಆಗ ಯೋಚಿಸಲಿಲ್ಲ.

ಕಟ್ಟಡಗಳ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದು ಇನ್ನೂ ಮುಗಿದಿಲ್ಲ. ಡಿಸೆಂಬರಿನಲ್ಲಿ ಆರೋಗ್ಯ ಕೇಂದ್ರದಿಂದ ಗಾಲಿಕುರ್ಚಿಯೊಂದನ್ನು ಎರವಲು ತಂದು, ಅಳತೆ ಪಟ್ಟಿ ಹಿಡಿದು, ಇಬ್ಬರು ವಿದ್ಯಾರ್ಥಿಗಳೊಂದಿಗೆ ಆವರಣ ಸುತ್ತಿದೆ. ಇಳಿಜಾರು ಹಾದಿ ಒಂದಡಿ ಏರಲು ಹನ್ನೆರಡು ಅಡಿ ಉದ್ದವಿರಬೇಕೆಂಬುದು ಒಪ್ಪಿತ ಅಳತೆ. ಆಡಳಿತ ಕಟ್ಟಡದ ಮುಂದೆ ಮೂರು ಮೆಟ್ಟಿಲುಗಳ ಒಂದೂವರೆ ಅಡಿ ಎತ್ತರಕ್ಕೆ ಹದಿನೆಂಟು ಅಡಿ ಇರಬೇಕಾದ ಇಳಿಜಾರು ಒಂಬತ್ತೇ ಅಡಿ ಇತ್ತು. ಸಾಲದ್ದಕ್ಕೆ ಬೈಕುಗಳು ಹತ್ತದಿರಲೆಂದು ಅದರ ಬುಡಕ್ಕೆ ಸರಪಳಿ ಕಟ್ಟಿದ್ದರು. ವಿಕಲಚೇತನರ ಶೌಚಾಲಯದಲ್ಲಿ ಪೊರಕೆ, ಬಕೆಟ್ಟುಗಳ ಜೊತೆ ಹಳೆಯ ಉತ್ತರಪತ್ರಿಕೆಗಳ ಮೂಟೆಗಳಿದ್ದವು. ಸರಪಳಿ ಅಂದೇ ಹೋಯಿತು, ಮೂಟೆಗಳು ತಿಂಗಳಲ್ಲಿ ಹೋದವು. ಇಳಿಜಾರಿನ ಅಂದಾಜುಪಟ್ಟಿ ಮಾತ್ರ ಮಾರ್ಚ್ ಕೊನೆಯ ವಾರ ಹಣಕಾಸು ವಿಭಾಗ ತಲುಪಿ, ಆ ವರ್ಷದ ಅನುದಾನ ಮುಗಿದಿದೆಯೆಂದು ವಾಪಸಾಯಿತು. ಕಾಮಗಾರಿಯ ಪ್ರಸ್ತಾವವಿದ್ದರೆ ಅದನ್ನು ಆಯವ್ಯಯ ಸಿದ್ಧವಾಗುವ ಮೊದಲೇ ಕೊಡಿ. ಜನವರಿಯ ನಂತರ ಕೊಟ್ಟದ್ದು ಮುಂದಿನ ವರ್ಷದ ಲೆಕ್ಕಕ್ಕೆ ಬಿದ್ದಂತೆ.

ನನ್ನ ನಿದ್ದೆಗೆಡಿಸಿದ್ದು ಪರೀಕ್ಷೆಯ ಕಡತ. ಆಗ ಜಾರಿಯಲ್ಲಿದ್ದ 2018ರ ಮಾರ್ಗಸೂಚಿಯಂತೆ ಬರಹಗಾರರ ನೆರವಿಗೆ ಅರ್ಹರಾದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ, ಹೆಚ್ಚುವರಿ ಸಮಯ ಸಿಗಬೇಕಿತ್ತು. ಬರಹಗಾರರನ್ನು ಬಳಸದಿದ್ದರೂ ಸಿಗಬೇಕಿತ್ತು. ನಮ್ಮಲ್ಲಿ ಹಳೆಯ ನಿಯಮದಂತೆ ಅರ್ಧ ಗಂಟೆ ಕೊಡುತ್ತಿದ್ದರು. ಬರಹಗಾರರ ಅನುಮತಿಗೆ ವಿದ್ಯಾರ್ಥಿ ಪರೀಕ್ಷೆಗೆ ಹದಿನೈದು ದಿನ ಮುಂಚೆ ಖುದ್ದಾಗಿ ಮೌಲ್ಯಮಾಪನ ಕುಲಸಚಿವರ ಕಚೇರಿಗೆ ಬರಬೇಕಿತ್ತು. ಸಂಯೋಜಿತ ಕಾಲೇಜುಗಳಲ್ಲಿ ಓದುವ ಅಂಧ ವಿದ್ಯಾರ್ಥಿಗಳು ಪಕ್ಕದ ಜಿಲ್ಲೆಯಿಂದ ಒಬ್ಬ ಜೊತೆಗಾರನೊಂದಿಗೆ ಬಸ್ಸು ಹಿಡಿದು ಬಂದು, ಇಬ್ಬರ ಊಟ, ಪ್ರಯಾಣದ ಖರ್ಚು ಭರಿಸಿ, ಒಂದು ಸಹಿ ಪಡೆದು ಹೋಗುತ್ತಿದ್ದರು, ಅದೂ ಪ್ರತಿ ಸೆಮಿಸ್ಟರಿಗೆ.

ಇದನ್ನೆಲ್ಲ ವಿವರಿಸಿ ಎಂಟು ಪುಟದ ಟಿಪ್ಪಣಿ ಮಂಡಿಸಿದೆ. ಇಪ್ಪತ್ತೆರಡು ದಿನಗಳ ನಂತರ ಅಂಚಿನಲ್ಲಿ ಹಸಿರು ಶಾಯಿಯ ಒಂದೇ ಪದ ಹೊತ್ತು ಕಡತ ಮರಳಿತು: “ಚರ್ಚಿಸಿ.” ಈ ಪದದ ಅರ್ಥ ತಿಳಿಯದೆ ಒಂದು ತಿಂಗಳು ಕಳೆದುಕೊಂಡೆ, ಯಾರಾದರೂ ಚರ್ಚೆಗೆ ಕರೆಯುತ್ತಾರೆಂದು ಕಾದು ಕುಳಿತಿದ್ದೆ. ಕರೆಯುವುದಿಲ್ಲ. “ಚರ್ಚಿಸಿ” ಎಂದು ಬಂದ ದಿನವೇ ಮಧ್ಯಾಹ್ನ ಮೂರರ ನಂತರ ಕಡತ ಹಿಡಿದುಕೊಂಡು ನೀವೇ ಹೋಗಬೇಕು. ಎರಡನೆಯ ಸಲ ಟಿಪ್ಪಣಿಯನ್ನು ಒಂದೂವರೆ ಪುಟಕ್ಕೆ ಇಳಿಸಿ, ಕೊನೆಯಲ್ಲಿ ಹೊರಡಿಸಬೇಕಾದ ಸುತ್ತೋಲೆಯ ಕರಡನ್ನೂ ಸೇರಿಸಿಕೊಂಡು ಹೋದೆ. ಅಂದು ಇಪ್ಪತ್ತು ನಿಮಿಷದಲ್ಲಿ ಮಾತು ಮುಗಿಯಿತು.

ಆ ಮಾತಿನಲ್ಲಿ ಎದ್ದ ಆಕ್ಷೇಪಗಳು ಎಲ್ಲವೂ ಕುಂಟುನೆಪಗಳಾಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಬೆಳಗಿನ ಪರೀಕ್ಷೆ ಹತ್ತರಿಂದ ಒಂದು, ಮಧ್ಯಾಹ್ನದ್ದು ಎರಡರಿಂದ ಐದು. ಒಂದು ಗಂಟೆ ಹೆಚ್ಚು ಕೊಟ್ಟರೆ ಬೆಳಗಿನದು ಎರಡಕ್ಕೆ ಮುಗಿಯುತ್ತದೆ. ಹಿಂದಿನ ಸೆಮಿಸ್ಟರಿನ ಬಾಕಿ ವಿಷಯವೂ ಅದೇ ದಿನವಿದ್ದರೆ ವಿದ್ಯಾರ್ಥಿ ಊಟವಿಲ್ಲದೆ ಎಂಟು ಗಂಟೆ ಕೂರಬೇಕು. ಇದು ನನಗೆ ಹೊಳೆದೇ ಇರಲಿಲ್ಲ. ಅವರಿಗಷ್ಟೇ ಬೇಗ ಆರಂಭಿಸೋಣವೆಂದರೆ ಪ್ರಶ್ನೆಪತ್ರಿಕೆಯ ಗೋಪ್ಯತೆ ಅಡ್ಡ ಬಂತು. ಮಧ್ಯಾಹ್ನದ್ದನ್ನು ತಡ ಮಾಡೋಣವೆಂದರೆ ಹಳ್ಳಿಗಳ ಕೊನೆಯ ಬಸ್ಸು ಅಡ್ಡ ಬಂತು. ಎರಡು ಸಭೆಗಳ ನಂತರ ಪರೀಕ್ಷಾ ವಿಭಾಗದ ಹಿರಿಯ ಅಧೀಕ್ಷಕರೊಬ್ಬರು ಕ್ಯಾಲೆಂಡರನ್ನು ತಿರುವುತ್ತಾ, “ಎಲ್ಲರಿಗೂ ಒಂಬತ್ತೂವರೆಗೇ ಶುರು ಮಾಡಿದರಾಯಿತಲ್ಲ” ಎಂದರು. ಇಡೀ ವಿಶ್ವವಿದ್ಯಾಲಯದ ಬೆಳಗಿನ ಗಂಟೆ ಅರ್ಧ ತಾಸು ಮುಂಚಿತವಾಯಿತು.

ಹಣಕಾಸು ಅಧಿಕಾರಿಗಳ ಪ್ರಶ್ನೆ ಬೇರೆ ಬಗೆಯದು: ಹೆಚ್ಚುವರಿ ಗಂಟೆಗೆ ಕೊಠಡಿ ಮೇಲ್ವಿಚಾರಕರ ಸಂಭಾವನೆಯನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ, ಅಂದರೆ ಆಯವ್ಯಯದ ಯಾವ ಸಾಲಿನಲ್ಲಿ, ಭರಿಸಬೇಕು? ಮೊತ್ತ ದೊಡ್ಡದಲ್ಲ, ಆದರೆ ಶೀರ್ಷಿಕೆಯಿಲ್ಲದ ಹಣ ಕಚೇರಿಯಲ್ಲಿ ಹಣವೇ ಅಲ್ಲ. ಈ ಹದಿನಾರು ತಿಂಗಳಲ್ಲಿ ನನ್ನ ಪ್ರಸ್ತಾವಗಳನ್ನು ತಾತ್ವಿಕವಾಗಿ ವಿರೋಧಿಸಿದವರು ಒಬ್ಬರೂ ಇಲ್ಲ. ಎಲ್ಲರೂ “ಒಳ್ಳೆಯ ಕೆಲಸ” ಎಂದವರೇ. ಆದರೂ ಲೆಕ್ಕಶೀರ್ಷಿಕೆ ಇದ್ದ ಕೆಲಸಗಳಷ್ಟೇ ನಡೆದವು, ಉಳಿದವು ಒಳ್ಳೆಯ ಕೆಲಸಗಳಾಗಿಯೇ ಉಳಿದವು. ಮುದ್ರಣಕ್ಕೆ, ನೆರಳಚ್ಚಿಗೆ, ಕಾಲೇಜುಗಳ ಓಡಾಟಕ್ಕೆ ನನ್ನ ಕೈಯಿಂದ ಹೋದ ಆರು ಸಾವಿರ ಚಿಲ್ಲರೆ ರೂಪಾಯಿಯೂ ಇದೇ ಕಾರಣಕ್ಕೆ ಮರಳಿ ಬರಲಿಲ್ಲ. ಕೋಶದ ಹೊಣೆ ಒಪ್ಪಿಕೊಳ್ಳುವ ಮೊದಲೇ ಆಯವ್ಯಯದಲ್ಲಿ ಅದರ ಹೆಸರಿನ ಒಂದು ಸಾಲನ್ನು ಕೇಳಿ ಪಡೆಯಿರಿ. ಮೊತ್ತ ಎಷ್ಟೇ ಸಣ್ಣದಿರಲಿ, ಆ ಸಾಲು ಇರಬೇಕು.

ಮೂರನೆಯ ತೊಡಕು ಶೇ 40ರದ್ದು. ಬಲಗೈಯ ನರದೌರ್ಬಲ್ಯದಿಂದ ಅರ್ಧ ಪುಟ ಬರೆಯುವಷ್ಟರಲ್ಲಿ ಬೆರಳು ಸೆಟೆದುಕೊಳ್ಳುವ ವಿದ್ಯಾರ್ಥಿನಿಯೊಬ್ಬಳ ಪ್ರಮಾಣಪತ್ರದಲ್ಲಿ ಶೇ 30 ಎಂದಿತ್ತು. ಹಾಗಾಗಿ ಅನುಮತಿ ಇಲ್ಲವೆಂದರು. ಬರೆಯಲು ತೊಂದರೆ ಇರುವವರಿಗೆ ಶೇ 40 ಇಲ್ಲವೆಂಬ ಕಾರಣಕ್ಕೆ ಬರಹಗಾರರನ್ನು ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದನ್ನನುಸರಿಸಿ ಸಚಿವಾಲಯ 2022ರ ಆಗಸ್ಟಿನಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೂ ಹೊರಡಿಸಿದೆ. ಎರಡನ್ನೂ ಲಗತ್ತಿಸಿದ ಮೇಲೆ ಕಚೇರಿ ಒಪ್ಪಿತು. ಅದಕ್ಕೆ ಬೇಕಾದ ಪ್ರಮಾಣಪತ್ರ ಮಾತ್ರ ಸರ್ಕಾರಿ ಆಸ್ಪತ್ರೆಯಿಂದ, ನಿಗದಿತ ನಮೂನೆಯಲ್ಲೇ ಬರಬೇಕಿತ್ತು. ಅವಳು ಜಿಲ್ಲಾಸ್ಪತ್ರೆಗೆ ನಾಲ್ಕು ಸಲ ಹೋದಳು: ಒಮ್ಮೆ ತಜ್ಞರು ರಜೆಯಲ್ಲಿದ್ದರು, ಒಮ್ಮೆ ನಮೂನೆ ಸರಿಯಿಲ್ಲವೆಂದರು, ಒಮ್ಮೆ ಮೊಹರು ಬೀಳಲಿಲ್ಲ. ಆ ನಾಲ್ಕು ದಿನಗಳಿಂದ ಅವಳ ಹಾಜರಾತಿ ಶೇ 75ಕ್ಕಿಂತ ಕೆಳಗಿಳಿದು ಪರೀಕ್ಷೆಗೇ ಕೂರಿಸುವುದಿಲ್ಲವೆಂಬ ನೋಟಿಸು ಬಂತು. ನೋಟಿಸು ಹಿಡಿದು ನನ್ನ ಮುಂದೆ ಕುಳಿತವಳು ಅಳಲಿಲ್ಲ, ನಕ್ಕಳು. ಅಳುವುದಕ್ಕಿಂತ ಅದೇ ನೋಡಲು ಕಷ್ಟವಾಗಿತ್ತು. ಆಸ್ಪತ್ರೆಗೆ ಹೋಗುವವರು ನಮೂನೆಯನ್ನು ತಾವೇ ಮುದ್ರಿಸಿ ಒಯ್ಯಿರಿ, ಪ್ರತಿ ಭೇಟಿಯ ಹೊರರೋಗಿ ಚೀಟಿಯನ್ನು ಜೋಪಾನವಾಗಿಡಿ. ಅವಳ ಹಾಜರಾತಿ ಕೊರತೆಯನ್ನು ಮನ್ನಾ ಮಾಡಿಸಿದ್ದು ಆ ನಾಲ್ಕು ಚೀಟಿಗಳೇ.

ಇದೆಲ್ಲದರ ನಡುವೆ, ಏಪ್ರಿಲಿನಲ್ಲಿ, ದೂರಿನ ವಹಿಯ ಮೊದಲ ಪುಟ ತುಂಬಿತು. ದೂರು ಕೊಟ್ಟವರು ಸಂಶೋಧನಾರ್ಥಿ, ವಿಷಯ ಜಾತಿ ನಿಂದನೆ. ವಿಚಾರಣೆಯ ವಿವರಗಳು ನನ್ನವಲ್ಲ, ಆದ್ದರಿಂದ ಬರೆಯುವುದಿಲ್ಲ. ನಮ್ಮ ವಿಭಾಗದ ಸ್ಟಾಫ್ ರೂಮಿನಲ್ಲಿ ನಾನು ಒಳಗೆ ಬಂದೊಡನೆ ಮಾತು ನಿಲ್ಲುತ್ತಿದ್ದುದನ್ನು ಮಾತ್ರ ಹೇಳಬಲ್ಲೆ. ಇಪ್ಪತ್ತು ವರ್ಷ ಒಟ್ಟಿಗೆ ಚಹಾ ಕುಡಿದವರು ಲೋಟ ಹಿಡಿದು ಕಾರಿಡಾರಿಗೆ ಹೋಗುತ್ತಿದ್ದರು. ವರದಿ ಐವತ್ತೆರಡನೆಯ ದಿನ ಸಲ್ಲಿಕೆಯಾಯಿತು. ಗಡುವಿನೊಳಗೆ ಮುಗಿಸಿದೆವೆಂಬ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಮಾರ್ಗದರ್ಶಕರನ್ನು ಬದಲಿಸಲು ನಮ್ಮ ನಿಯಮದಂತೆ ಹಾಲಿ ಮಾರ್ಗದರ್ಶಕರದೇ ನಿರಾಕ್ಷೇಪಣಾ ಪತ್ರ ಬೇಕಿತ್ತು, ದೂರು ಇದ್ದದ್ದು ಅವರ ಮೇಲೆಯೇ. ಕುಲಪತಿಗಳು ವಿಶೇಷ ಆದೇಶ ಹೊರಡಿಸಿ ಅದನ್ನು ಬಗೆಹರಿಸುವಷ್ಟರಲ್ಲಿ ಇನ್ನೂ ಮೂರು ತಿಂಗಳು ಹೋದವು. ಆ ಅವಧಿಯ ಶಿಷ್ಯವೇತನ ತಡೆಯಾಗಿತ್ತು, ಪ್ರಗತಿ ವರದಿಗೆ ಸಹಿ ಹಾಕುವವರಿಲ್ಲದ್ದರಿಂದ. ದೂರು ಸ್ವೀಕರಿಸಿದ ದಿನವೇ, ತೀರ್ಪಿಗೆ ಕಾಯದೆ, ಮಧ್ಯಂತರವಾಗಿ ಸಹಿ ಹಾಕುವ ಇನ್ನೊಬ್ಬರನ್ನು ನೇಮಿಸುವಂತೆ ಬರೆಯಬೇಕೆಂದು ನನಗೆ ತಿಳಿದಿರಲಿಲ್ಲ. ಈ ತಪ್ಪು ನನ್ನದು.

ಪರೀಕ್ಷೆಯ ಸುತ್ತೋಲೆ ಮೇ ತಿಂಗಳಲ್ಲಿ ಹೊರಟಿತು. ಅರ್ಜಿಯನ್ನು ಕಾಲೇಜಿನ ಪ್ರಾಂಶುಪಾಲರ ಮೂಲಕವೇ ಕಳುಹಿಸಬಹುದು, ಒಮ್ಮೆ ಪಡೆದ ಅನುಮತಿ ಕೋರ್ಸು ಮುಗಿಯುವವರೆಗೆ ನಡೆಯುತ್ತದೆ, ಹೆಚ್ಚುವರಿ ಸಮಯ ಪೂರ್ತಿ ಒಂದು ಗಂಟೆ. ಆಗಸ್ಟಿನಲ್ಲಿ ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಫೋನು ಬಂತು: ಒಂದು ಕೇಂದ್ರದ ಮುಖ್ಯ ಅಧೀಕ್ಷಕರು ಇಂಥ ಸುತ್ತೋಲೆಯನ್ನೇ ನೋಡಿಲ್ಲ, ಅರ್ಧ ಗಂಟೆಗಿಂತ ಹೆಚ್ಚು ಕೊಡಲಾರೆ ಎನ್ನುತ್ತಿದ್ದಾರೆ. ಮಿಂಚಂಚೆ ಕಾಲೇಜಿಗೆ ಹೋಗಿತ್ತು, ಯಾರೂ ತೆರೆದಿರಲಿಲ್ಲ. ಅವರ ಕೈಯಲ್ಲಿದ್ದದ್ದು ಮುಖ್ಯ ಅಧೀಕ್ಷಕರ ಸೂಚನಾ ಪುಸ್ತಿಕೆ, ಅದರಲ್ಲಿ ಹಳೆಯ ನಿಯಮವೇ ಇತ್ತು. ಪರೀಕ್ಷಾ ಕೇಂದ್ರದಲ್ಲಿ ಆ ಪುಸ್ತಿಕೆಯೇ ವೇದ. ಅಂದು ಮೌಲ್ಯಮಾಪನ ಕುಲಸಚಿವರಿಂದಲೇ ಫೋನು ಮಾಡಿಸಿ ಬಗೆಹರಿಸಿದೆ. ಮರುದಿನದಿಂದ ಪುಸ್ತಿಕೆಗೆ ತಿದ್ದುಪಡಿ ಹಾಳೆ ಸೇರಿಸಿ, ವಿದ್ಯಾರ್ಥಿಯ ಪ್ರವೇಶಪತ್ರದ ಮೇಲೆಯೇ ‘ಹೆಚ್ಚುವರಿ ಸಮಯ: 60 ನಿಮಿಷ’ ಎಂದು ಮುದ್ರಿಸುವ ಏರ್ಪಾಟು ಮಾಡಿದೆವು. ಎಂಟು ಪುಟದ ಟಿಪ್ಪಣಿಯ ಬದಲು ಈ ಒಂದು ಸಾಲಿನಿಂದ ಆರಂಭಿಸಿದ್ದರೆ ಸಾಕಿತ್ತೇನೋ.

ಮೂರನೆಯ ದಿನ ನಾನು ನಮ್ಮ ಆವರಣದ ಕೇಂದ್ರಕ್ಕೆ ಹೋಗಿ ಕಿಟಕಿಯ ಹೊರಗೆ ನಿಂತೆ. ಹನ್ನೆರಡೂವರೆಯ ಗಂಟೆ ಬಾರಿಸಿ ಸುತ್ತಲಿನ ಕೊಠಡಿಗಳು ಖಾಲಿಯಾದವು. ಒಳಗೆ ಬಲಗೈಯ ನರದೌರ್ಬಲ್ಯದ ಆ ವಿದ್ಯಾರ್ಥಿನಿ ಮೆಲುದನಿಯಲ್ಲಿ ಹೇಳುತ್ತಿದ್ದಳು, ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಬರೆದುಕೊಳ್ಳುತ್ತಿದ್ದಳು. ಮೇಲ್ವಿಚಾರಕರು ಅಭ್ಯಾಸಬಲದಿಂದ ಉತ್ತರಪತ್ರಿಕೆಗೆ ಕೈ ಚಾಚಿ, ಪ್ರವೇಶಪತ್ರವನ್ನು ನೋಡಿ, ಕೈ ಹಿಂತೆಗೆದುಕೊಂಡು ಕುಳಿತರು.

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರಟೂರಿ ಪ್ರಕರಣದಲ್ಲಿ, ಕಟ್ಟಡಗಳ ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಇಳಿಜಾರಿಗೆ ಹನ್ನೆರಡು ಅಡಿಗೆ ಒಂದಡಿಯ ಅಳತೆ ಕಡ್ಡಾಯವಲ್ಲವೆಂದು ನಮ್ಮ ಅಭಿಯಂತರರ ವಿಭಾಗ ಹಿಂದೆ ಬರೆದಿತ್ತು. ಆ ಪತ್ರದ ಮೇಲೆ ತೀರ್ಪಿನ ಪ್ರತಿಯನ್ನು ಲಗತ್ತಿಸಿದ್ದೇ ನಾನು ಮಾಡಿದ ಕೊನೆಯ ಕೆಲಸ. ಹೊಸ ಸಂಯೋಜಕರಿಗೆ ಬೀರುವಿನ ಕೀಲಿ, ನಾಲ್ಕು ದೂರುಗಳಿರುವ ವಹಿ, ಅಳತೆ ಪಟ್ಟಿ ಮತ್ತು ಏಳು ಬಾಕಿ ಕಡತಗಳ ಪಟ್ಟಿಯನ್ನು ಸಹಿ ಪಡೆದು ಒಪ್ಪಿಸಿದೆ. ಇಳಿಜಾರಿನ ಕಡತ ಪಟ್ಟಿಯಲ್ಲಿ ಮೂರನೆಯದು. ಅದು ಆಗ ಹಣಕಾಸು ವಿಭಾಗದಲ್ಲಿತ್ತು, ಜನವರಿಯೊಳಗೆ ಹೊರಡಬೇಕಿತ್ತು.